ಚಿಲ್ಲರೆ ತೊಟ್ಟೆಯಿಂದ ಬೇಗ ತುಂಬುವ ನಾಣ್ಯದ ಸೆಟ್ ಯಾವುದು?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಬ್ಯಾಂಕಿನಿಂದ ನಾಣ್ಯದ ರೋಲ್ ತಂದು, ಬಿಡಿಸಿ ಹುಡುಕಿ, ಅಲ್ಲಿನ ಐವತ್ತು ರಾಜ್ಯಗಳ ಕ್ವಾರ್ಟರ್ (ಕಾಲು ಡಾಲರಿನ ನಾಣ್ಯ) ಸೆಟ್ ಪೂರ್ತಿ ಮಾಡಿದ್ದಾನೆ. ವಿಡಿಯೊ ಕಾಲ್‌ನಲ್ಲಿ ಅದನ್ನು ನೋಡಿದ್ದೇ ಏಳನೇ ಕ್ಲಾಸಿನ ನನ್ನ ಮಗಳಿಗೂ ಹುಚ್ಚು ಹಿಡಿದಿದೆ. ನಾವಿರುವುದು ಡೊಂಬಿವಲಿಯಲ್ಲಿ. ಇಲ್ಲಿಯ ಬ್ಯಾಂಕಿನಲ್ಲಿ ಕೇಳಿದರೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೂರು ನಾಣ್ಯ ಕೊಟ್ಟರು, ಎಲ್ಲವೂ ಒಂದೇ ತರಹದವು. ನಮ್ಮ ನಾಣ್ಯಗಳಲ್ಲಿ ಯಾವ ಸೆಟ್ ಬೇಗ ಪೂರ್ತಿಯಾಗುತ್ತದೆ? ಅವಳಿಗೆ ತಾಳ್ಮೆ ಸ್ವಲ್ಪ ಕಡಿಮೆ.

ಉತ್ತರ: ನಿಮ್ಮ ಕೈಗೆ ಬಂದದ್ದು ಹೊಸ ನಾಣ್ಯದ ತೊಟ್ಟೆ. ಟಂಕಸಾಲೆಯಿಂದ ರಿಸರ್ವ್ ಬ್ಯಾಂಕಿಗೆ, ಅಲ್ಲಿಂದ ಕರೆನ್ಸಿ ಚೆಸ್ಟಿಗೆ (ರಿಸರ್ವ್ ಬ್ಯಾಂಕಿನ ಪರವಾಗಿ ಕೆಲವು ಶಾಖೆಗಳು ಇಟ್ಟುಕೊಳ್ಳುವ ಹಣದ ಕೋಠಿ), ಅಲ್ಲಿಂದ ನಿಮ್ಮ ಶಾಖೆಗೆ ಬಂದ ಮಾಲು. ದಾರಿಯಲ್ಲಿ ಒಬ್ಬರ ಕಿಸೆಯನ್ನೂ ಕಂಡಿಲ್ಲ. ನೂರಕ್ಕೆ ನೂರೂ ಒಂದೇ ಇಸವಿ, ಒಂದೇ ಟಂಕಸಾಲೆ. ಹೊಳಪು ನೋಡಲು ಚೆಂದ, ಹುಡುಕುವವರಿಗೆ ಪ್ರಯೋಜನವಿಲ್ಲ. ಒಂದನ್ನು ತೆಗೆದಿಟ್ಟುಕೊಂಡು ಉಳಿದ ತೊಂಬತ್ತೊಂಬತ್ತನ್ನು ಹಾಲಿನವನಿಗೋ ತರಕಾರಿಯವಳಿಗೋ ದಾಟಿಸಿಬಿಡಿ.

ನಿಮಗೆ ಬೇಕಾದದ್ದು ಗ್ರಾಹಕರು ತಂದು ಕಟ್ಟಿದ ಚಿಲ್ಲರೆ. ನಾನು ಮುಂಬಯಿಯಲ್ಲಿ ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು, ಈ ಹುಚ್ಚು ಅಂಟಿದ್ದೂ ಅಲ್ಲೇ. ದೇವಸ್ಥಾನದ ಹುಂಡಿ, ಹೋಟೆಲಿನ ಗಲ್ಲಾ, ಬಸ್ಸಿನ ಕಂಡಕ್ಟರನ ಚೀಲ, ಇವುಗಳಿಂದ ಬಂದ ಚಿಲ್ಲರೆಯಲ್ಲಿ ಇಪ್ಪತ್ತು ವರ್ಷದ ನಾಣ್ಯಗಳು ಒಟ್ಟಿಗೇ ಕಲಸಿಕೊಂಡಿರುತ್ತವೆ. ರಿಸರ್ವ್ ಬ್ಯಾಂಕೇ ನೂರು ನೂರರ ಪಾಲಿಥೀನ್ ತೊಟ್ಟೆಯಲ್ಲಿ ತಂದರೆ ಅನುಕೂಲ ಎಂದು ಹೇಳಿರುವುದರಿಂದ ಈ ಹಳೆಯ ಚಿಲ್ಲರೆಯೂ ತೊಟ್ಟೆಯಲ್ಲೇ ಇರುತ್ತದೆ. ಕೌಂಟರಿಗೆ ಹೋಗಿ ‘ಜುನೀ ನಾಣೀ ಆಹೇತ್ ಕಾ?’ ಎಂದು ಕೇಳಿ. ಹಳೆಯದು ಬೇಕೆಂದು ಕೇಳುವವರು ಯಾರೂ ಇರುವುದಿಲ್ಲ, ಹೆಚ್ಚಿನ ಕ್ಯಾಶಿಯರುಗಳು ಖುಷಿಯಿಂದಲೇ ಕೊಡುತ್ತಾರೆ. ತಿಂಗಳ ಮೊದಲ ವಾರ ಮಾತ್ರ ಹೋಗಬೇಡಿ, ಪಿಂಚಣಿಯವರ ಸಾಲು ಇರುತ್ತದೆ. ಬೈಸಿಕೊಂಡರೆ ನಾನು ಜವಾಬ್ದಾರನಲ್ಲ.

ತಮ್ಮನಿಗೆ ಅದು ಸುಲಭವಾದದ್ದು ಏಕೆಂದು ನೋಡಿ. ಅಮೆರಿಕದ ರಾಜ್ಯಗಳ ಕ್ವಾರ್ಟರ್ 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ ಬಂತು. ಎಲ್ಲ ಸೇರಿ ಅವರು ಹೊಡೆದದ್ದು ಮೂರು ಸಾವಿರ ಕೋಟಿಗೂ ಹೆಚ್ಚು. ಹತ್ತು ಡಾಲರಿನ ಒಂದು ರೋಲಿನಲ್ಲಿ ನಲವತ್ತು ನಾಣ್ಯ. ಒಂದೇ ಮುಖಬೆಲೆ, ಒಂದೇ ಅಳತೆ, ಬೆಳ್ಳಿಯಿಲ್ಲ, ಆದ್ದರಿಂದ ಅಡಗಿಸಿಡುವವರೂ ಕಡಿಮೆ. ಅದೇ ಮನುಷ್ಯ 1964ರವರೆಗಿನ ಬೆಳ್ಳಿಯ ಕ್ವಾರ್ಟರ್ ಹುಡುಕಲು ಹೊರಟಿದ್ದರೆ ಇಷ್ಟು ಹೊತ್ತಿಗೆ ಬೇಸತ್ತು ಬಿಟ್ಟಿರುತ್ತಿದ್ದ.

ಇಲ್ಲಿಯೂ ಅದೇ ಲೆಕ್ಕ. ಸೆಟ್‌ನಲ್ಲಿ ಎಷ್ಟು ನಾಣ್ಯವಿದೆ ಎಂಬುದರ ಮೇಲೆ ಸುಲಭವೋ ಕಷ್ಟವೋ ನಿಲ್ಲುವುದಿಲ್ಲ. ಆ ಸೆಟ್‌ನ ಅತಿ ಅಪರೂಪದ ನಾಣ್ಯ ಇವತ್ತು ಜನರ ಕೈಯಲ್ಲಿ ಓಡಾಡುತ್ತಿದೆಯೇ ಎಂದು ನೋಡಿ. ಹದಿನೈದು ಸಿಕ್ಕಿ ಹದಿನಾರನೆಯದು ಸಿಗದಿದ್ದರೆ ಆ ಹದಿನೈದರ ಖುಷಿಯೂ ಹೋಗುತ್ತದೆ, ಅದರಲ್ಲೂ ಹನ್ನೆರಡು ವರ್ಷದ ಹುಡುಗಿಗೆ.

ಮೊದಲು ಧಾನ್ಯದ ಸೆಟ್. 2019ರ ಮಾರ್ಚ್ 7ರಂದು ಬಿಡುಗಡೆಯಾದ ಸರಣಿ: 1, 2, 5, 10, 20 ರೂಪಾಯಿ, ಎಲ್ಲದರ ಮೇಲೂ ತೆನೆಯ ಚಿತ್ರ. ಕಣ್ಣು ಕಾಣದವರೂ ಮುಟ್ಟಿ ಗುರುತಿಸಲೆಂದು ಮುಖಬೆಲೆ ಏರಿದಂತೆ ತೂಕವನ್ನೂ, ಹತ್ತರವರೆಗೆ ಅಳತೆಯನ್ನೂ ಏರಿಸಿದ್ದಾರೆ. ಇಪ್ಪತ್ತರದ್ದಕ್ಕೆ ಹನ್ನೆರಡು ಮೂಲೆ. ಐದಕ್ಕೂ ಸೇರಿ ಖರ್ಚು 38 ರೂಪಾಯಿ. ಬ್ಯಾಂಕಿಗೂ ಹೋಗಬೇಕಿಲ್ಲ, ಒಂದು ವಾರದ ರಿಕ್ಷಾ ಚಿಲ್ಲರೆಯಲ್ಲಿ ನಾಲ್ಕು ಸಿಗುತ್ತವೆ. ಇಪ್ಪತ್ತರದ್ದು ಒಂದು ತಡವಾದೀತು, ಅದನ್ನು ಕೌಂಟರಿನಲ್ಲಿ ಕೇಳಿಯೇ ಪಡೆಯಿರಿ. ಇದರ ಬೆನ್ನಿಗೇ 2022ರ ಜೂನ್ 6ರಂದು ಬಿಡುಗಡೆಯಾದ, ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನವಿರುವ ಐದು ನಾಣ್ಯ, ಇನ್ನೊಂದು 38 ರೂಪಾಯಿ. ಈ ಎರಡೂ ಸೆಟ್ ತಿಂಗಳೊಪ್ಪತ್ತಿನಲ್ಲಿ ತುಂಬುತ್ತವೆ. ತಾಳ್ಮೆ ಕಡಿಮೆ ಎಂದಿರಲ್ಲ, ಅದಕ್ಕೇ ಇವನ್ನು ಮೊದಲು ಹೇಳಿದೆ.

ಎರಡನೆಯದು, ಒಂದು ರೂಪಾಯಿಯ ಇಸವಿ ಸಾಲು. 2011ರಲ್ಲಿ ₹ ಚಿಹ್ನೆ ನಾಣ್ಯದ ಮೇಲೆ ಬಂತಲ್ಲ, ಆ ಚಿಕ್ಕ ರೂಪಾಯಿ. 2011ರಿಂದ 2018ರವರೆಗೆ ವರ್ಷಕ್ಕೊಂದರಂತೆ ಎಂಟು. ನೂರು ರೂಪಾಯಿಯ ಎರಡು ಮೂರು ಹಳೆಯ ತೊಟ್ಟೆ ಬಿಡಿಸಿದರೆ ಎಂಟೂ ಸಿಗುವ ಸಾಧ್ಯತೆ ಚೆನ್ನಾಗಿದೆ. ಒಂದೇ ಒಂದು ಎಚ್ಚರಿಕೆ: ಟಂಕಸಾಲೆಯ ಗುರುತನ್ನು ಈಗಲೇ ಲೆಕ್ಕಕ್ಕೆ ತರಬೇಡಿ. ತಂದರೆ ನಾಣ್ಯ ಕೂರಿಸುವ ಎಂಟು ಗುಂಡಿ ಮೂವತ್ತೆರಡಾಗುತ್ತದೆ, ಅದರಲ್ಲಿ ಕೆಲವು ಗುಂಡಿಗೆ ನಾಣ್ಯವೇ ಇಲ್ಲದಿರಬಹುದು. ನಾಲ್ಕೂ ಟಂಕಸಾಲೆಗಳು ಪ್ರತಿ ವರ್ಷ ಪ್ರತಿ ಮುಖಬೆಲೆಯನ್ನೂ ಹೊಡೆಯಲೇಬೇಕೆಂಬ ನಿಯಮವೇನಿಲ್ಲ.

ಇಲ್ಲಿ ನನ್ನ ಕೌಂಟರಿನ ಒಂದು ಉಪಾಯ ಹೇಳುತ್ತೇನೆ. ತೊಟ್ಟೆಯನ್ನು ಬಿಚ್ಚುವ ಮೊದಲು ಅಡುಗೆಮನೆಯ ತಕ್ಕಡಿಯ ಮೇಲಿಡಿ. ಧಾನ್ಯದ ರೂಪಾಯಿ ಒಂದಕ್ಕೆ 3.09 ಗ್ರಾಮ್, 2011ರದ್ದಕ್ಕೆ 3.79, ಅದಕ್ಕೂ ಹಿಂದಿನ ಅಗಲವಾದ ಉಕ್ಕಿನ ರೂಪಾಯಿಗೆ 4.85. ಅಂದರೆ ನೂರರ ತೊಟ್ಟೆ 309 ಗ್ರಾಮ್ ತೂಗಿದರೆ ಎಲ್ಲವೂ ಹೊಸದು, ಬಿಚ್ಚುವ ಶ್ರಮವೇ ಬೇಡ. 379ನ್ನು ದಾಟಿದರೆ ಒಳಗೆ ಹಳೆಯ ಅಗಲ ನಾಣ್ಯ ಇದ್ದೇ ಇದೆ. 420ರ ಆಸುಪಾಸು ಬಂತೆಂದರೆ ನಾನು ಚಹಾ ಕುಡಿಯುವುದನ್ನೂ ಬಿಟ್ಟು ಕೂರುತ್ತಿದ್ದೆ. ಐದು ರೂಪಾಯಿಗೂ ಇದು ನಡೆಯುತ್ತದೆ: ಹೊಸದು 6.74, ಅದರ ಹಿಂದಿನದು 6, ಅದಕ್ಕೂ ಹಿಂದಿನ ದಪ್ಪ ಬಿಳಿಯದು 9 ಗ್ರಾಮ್. ತೊಟ್ಟೆ 674ಕ್ಕಿಂತ ಭಾರವಿದ್ದರೆ ಆ ದಪ್ಪನೆಯದು ಒಳಗೆ ಕೂತಿದೆ. ತೊಟ್ಟೆಯಲ್ಲಿ ಸರಿಯಾಗಿ ನೂರೇ ಇರಬೇಕು, ಅದನ್ನು ಮಾತ್ರ ಕೌಂಟರಿನಲ್ಲೇ ಖಾತ್ರಿ ಮಾಡಿಕೊಳ್ಳಿ.

ಈ ತೂಕಗಳಲ್ಲಿ ಇನ್ನೊಂದು ತಮಾಷೆ ಇದೆ, ಮಗಳಿಗೆ ತೋರಿಸಿ. 1992ರಿಂದ ಓಡಿದ ಉಕ್ಕಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಮ್. 2011ರ ಎರಡು ರೂಪಾಯಿಯೂ 25 ಮಿಲಿಮೀಟರ್, 4.85 ಗ್ರಾಮ್. ನೃತ್ಯದ ಹಸ್ತಮುದ್ರೆಯ ಚಿತ್ರವಿರುವ ಐವತ್ತು ಪೈಸೆಯ ಅಳತೆ ತೂಕವೇ 2011ರ ಒಂದು ರೂಪಾಯಿಗೂ ಬಂದಿದೆ. ನಿನ್ನೆ ರೂಪಾಯಿಯಾಗಿದ್ದ ಅಳತೆಯೇ ಇವತ್ತು ಎರಡು ರೂಪಾಯಿ. ಮಾತುಂಗದ ಹೋಟೆಲುಗಳ ಗಲ್ಲಾದಲ್ಲಿ ಕೂತವರು ಇವನ್ನು ಮುಟ್ಟಿ ಎಣಿಸಲಾರದೆ ಎಷ್ಟು ಬೈದುಕೊಂಡಿದ್ದಾರೆಂದು ನನಗೆ ಗೊತ್ತು, ಸಂಜೆ ಲೆಕ್ಕ ಹೊಂದದೆ ನನ್ನ ಕೌಂಟರಿಗೇ ಬರುತ್ತಿದ್ದರು. ಸಂಗ್ರಹಕಾರರಿಗೆ ಇದೇ ಹಬ್ಬ. ಒಂದೇ ಅಳತೆಯ ಎರಡು ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟರೆ ರೂಪಾಯಿಯ ಬೆಲೆ ಇಳಿದ ಕಥೆ ಅಂಗೈಯಲ್ಲೇ ಇರುತ್ತದೆ.

ಈಗ ನನ್ನ ಮೆಚ್ಚಿನ ಸೆಟ್: ಹತ್ತು ರೂಪಾಯಿಯ ವಿನ್ಯಾಸಗಳು. ನಿಮ್ಮ ತಮ್ಮನ ಕ್ವಾರ್ಟರಿಗೆ ನಮ್ಮಲ್ಲಿ ಜೋಡಿ ಹುಡುಕಿದರೆ ಇದೇ. 2018ರ ಜನವರಿಯಲ್ಲಿ, ಹತ್ತರ ನಾಣ್ಯ ನಕಲಿ ಎಂದು ಊರೂರಲ್ಲಿ ಗುಲ್ಲೆದ್ದು ಅಂಗಡಿಯವರು ತೆಗೆದುಕೊಳ್ಳದೆ ಹೋದಾಗ, ರಿಸರ್ವ್ ಬ್ಯಾಂಕ್ ‘14 ವಿನ್ಯಾಸಗಳಿವೆ, ಎಲ್ಲವೂ ಚಲಾವಣೆಯವೇ’ ಎಂದು ಸ್ಪಷ್ಟಪಡಿಸಿತು. ಬೇಡವೆಂದು ಗುಲ್ಲೆಬ್ಬಿಸಿದವರಿಂದಾಗಿ ನಮಗೊಂದು ಅಧಿಕೃತ ಪಟ್ಟಿ ಸಿಕ್ಕಂತಾಯಿತು! ಅದಕ್ಕೆ ಮುಂದೆ ಬಂದ ಧಾನ್ಯದ್ದು, ಅಮೃತ ಮಹೋತ್ಸವದ್ದು ಸೇರಿಸಿದರೆ ಹದಿನಾರು. ಖರ್ಚು 160 ರೂಪಾಯಿ, ಒಂದು ತೊಟ್ಟೆಗೆ ಸಾವಿರ ರೂಪಾಯಿ ಕೈಯಲ್ಲಿರಬೇಕು ಅಷ್ಟೆ. ಆ ಹಣ ಎಲ್ಲಿಗೂ ಹೋಗುವುದಿಲ್ಲ.

ಆ ಹದಿನಾಲ್ಕರಲ್ಲಿ ಮೂರು ದಿನಬಳಕೆಯವು: ವಿವಿಧತೆಯಲ್ಲಿ ಏಕತೆಯ ನಾಲ್ಕು ಗೆರೆ ನಾಲ್ಕು ಚುಕ್ಕಿಯದು, ಹದಿನೈದು ಕಿರಣದ್ದು, 2011ರಿಂದ ಬಂದ ₹ ಚಿಹ್ನೆಯ ಹತ್ತು ಕಿರಣದ್ದು. ಕಿರಣದ ಎರಡೂ ಮೊದಲ ತೊಟ್ಟೆಯಲ್ಲೇ ಸಿಗುತ್ತವೆ. ಚುಕ್ಕಿಯದು 2005, 2006ರ ಇಸವಿ ಹೊತ್ತಿರುತ್ತದೆ, ಇದಕ್ಕೆ ಹುಡುಕಾಟ ಬೇಕು. ಉಳಿದ ಹನ್ನೊಂದು ಸ್ಮರಣಾರ್ಥದವು. ಹೋಮಿ ಭಾಭಾ ಶತಮಾನೋತ್ಸವ, ರಿಸರ್ವ್ ಬ್ಯಾಂಕಿನ 75 ವರ್ಷ, ಸಂಸತ್ತಿನ 60 ವರ್ಷ, ವೈಷ್ಣೋದೇವಿ, ತೆಂಗಿನ ನಾರಿನ ಮಂಡಳಿಯ 60 ವರ್ಷ, ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಮರಳಿದ ನೂರು ವರ್ಷ, ಅಂಬೇಡ್ಕರ್ 125, ಯೋಗ ದಿನ, ಸ್ವಾಮಿ ಚಿನ್ಮಯಾನಂದ, ರಾಷ್ಟ್ರೀಯ ಪತ್ರಾಗಾರದ 125 ವರ್ಷ, ಶ್ರೀಮದ್ ರಾಜಚಂದ್ರ. ನನ್ನ ಕೈಗೆ ಸುಲಭವಾಗಿ ಬಂದವು ಸಂಸತ್ತು, ಅಂಬೇಡ್ಕರ್, ಗಾಂಧೀಜಿಯದು. ವೈಷ್ಣೋದೇವಿಯದು ಸಾಕಷ್ಟು ಬಂದಿದ್ದರೂ ಜನ ದೇವರ ಪಟದ ಮುಂದೆ ಇಟ್ಟುಬಿಡುತ್ತಾರೆ, ಹೀಗಾಗಿ ತೊಟ್ಟೆಗೆ ಬರುವುದು ಕಡಿಮೆ. ಚಿನ್ಮಯಾನಂದರದ್ದು ನನಗೆ ಈವರೆಗೂ ತೊಟ್ಟೆಯಲ್ಲಿ ಸಿಕ್ಕಿಲ್ಲ.

ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎಂಬ ಜಾಹೀರಾತು ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಅದು ಮೋಸ. ಮೊದಲು ‘ನೋಂದಣಿ ಶುಲ್ಕ’ ಎಂದು ಕಿತ್ತುಕೊಳ್ಳುತ್ತಾರೆ, ಆಮೇಲೆ ‘ತೆರಿಗೆ’ ಎನ್ನುತ್ತಾರೆ. ತನ್ನ ಹೆಸರು ಹೇಳಿ ಹೀಗೆ ಹಣ ಕೀಳುತ್ತಿದ್ದಾರೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಮಗಳ ಕೈಗೆ ಫೋನ್ ಹೋಗುವ ಮೊದಲು ಇದನ್ನು ಹೇಳಿಬಿಡಿ.

ಟಂಕಸಾಲೆಯ ಗುರುತು ಬೇಡ ಎಂದೆ, ಆದರೆ ಒಂದಲ್ಲ ಒಂದು ದಿನ ಅವಳೇ ಕೇಳುತ್ತಾಳೆ. ಇಸವಿಯ ಹತ್ತಿರ ನೋಡಿ: ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತಾ. ಸವೆದ ನಾಣ್ಯದಲ್ಲಿ ನೋಯ್ಡಾದ ಚುಕ್ಕಿ ಅಳಿಸಿಹೋಗಿ ಕೋಲ್ಕತಾದ್ದರಂತೆ ಕಾಣುತ್ತದೆ, ಆದ್ದರಿಂದ ‘ಗುರುತಿಲ್ಲ’ ಎಂದು ಬರೆದುಕೊಳ್ಳುವ ಮುನ್ನ ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿ. ನಮ್ಮ ಊರಿನ ತೊಂದರೆ ಏನೆಂದರೆ ಟಂಕಸಾಲೆ ಇಲ್ಲೇ ಫೋರ್ಟ್‌ನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೇ ಇದೆ. ನಾನು ಬಿಡಿಸಿದ ತೊಟ್ಟೆಗಳಲ್ಲೆಲ್ಲ ವಜ್ರದ್ದೇ ದರ್ಬಾರು. ನಕ್ಷತ್ರ ಬೇಕಾದರೆ ರಜೆಯಲ್ಲಿ ಊರಿಗೆ ಹೋದಾಗ ಹುಡುಕಿ. ನಾನು ಪ್ರತಿ ಮೇ ತಿಂಗಳು ಉಡುಪಿಗೆ ಹೋದಾಗ ಅಕ್ಕನ ಮನೆಯ ಹತ್ತಿರದ ಜೀನಸಿನ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಚಿಲ್ಲರೆ ಮಾಡಿಸುತ್ತೇನೆ, ಇಲ್ಲಿ ವರ್ಷವಿಡೀ ಸಿಗದ ನಕ್ಷತ್ರಗಳು ಅಲ್ಲಿ ಒಂದೇ ಬೆಳಿಗ್ಗೆ ಸಿಗುತ್ತವೆ. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ನಿಮ್ಮ ಬಂಧುಗಳ ಮಕ್ಕಳಿದ್ದರೆ ಅದಲು ಬದಲು ಮಾಡಿಕೊಳ್ಳಲಿ.

ಕೈಹಾಕಬಾರದ ಸೆಟ್‌ಗಳನ್ನೂ ಹೇಳಿಬಿಡುತ್ತೇನೆ. ಹಸ್ತಮುದ್ರೆಯ ಸರಣಿ, 2007ರಿಂದ ಬಂದದ್ದು, ನೋಡಲು ಬಹಳ ಚೆಂದ. ಒಂದು, ಎರಡು ರೂಪಾಯಿ ಸಿಗುತ್ತವೆ, ಮುಷ್ಟಿಯ ಐವತ್ತು ಪೈಸೆ ಕಾನೂನಿಗೆ ಚಲಾವಣೆಯಲ್ಲಿದ್ದರೂ ಮುಂಬಯಿಯ ಯಾವ ಗಲ್ಲಾದಲ್ಲೂ ಇಲ್ಲ. ಹನ್ನೊಂದು ಮೂಲೆಯ ಎರಡು ರೂಪಾಯಿಯ ಸ್ಮರಣಾರ್ಥಗಳು, ಅದರಲ್ಲಿ 1999ರ ಶಿವಾಜಿ, 2002ರ ತುಕಾರಾಮ, 2003ರ ರೈಲ್ವೆಯ ಭೋಲು ಆನೆ, ಇವು ಬಿಳಿ ಲೋಹದವು, ತೊಟ್ಟೆಯಿಂದ ಬಹುತೇಕ ಮಾಯವಾಗಿವೆ. 75, 100 ರೂಪಾಯಿಯ ನಾಣ್ಯಗಳು ಬ್ಯಾಂಕಿಗೆ ಬರುವುದೇ ಇಲ್ಲ, ಟಂಕಸಾಲೆ ಡಬ್ಬಿಯಲ್ಲಿಟ್ಟು ಮಾರುತ್ತದೆ.

ಐದು ರೂಪಾಯಿಯ ಸ್ಮರಣಾರ್ಥಗಳ ಕಥೆಯೇ ಬೇರೆ. ಎಷ್ಟೊಂದು ಬಂದಿವೆಯೆಂದರೆ ಪೂರ್ತಿ ಮಾಡುತ್ತೇನೆ ಎಂದು ಹೊರಟವನಿಗೆ ಕೊನೆಯೇ ಕಾಣದು. ಸೆಟ್ ಎಂದುಕೊಳ್ಳದೆ, ಸಿಕ್ಕಾಗ ಎತ್ತಿಡುವ ಡಬ್ಬಿಯೊಂದನ್ನು ಮಾಡಿ. 2006ರ ಬಸವೇಶ್ವರ, 2007ರ ತಿಲಕ್, 2010ರ ತಂಜಾವೂರಿನ ದೊಡ್ಡ ದೇವಸ್ಥಾನ, 2013ರ ವಿವೇಕಾನಂದ. ಬಸವಣ್ಣನ ನಾಣ್ಯ ನನಗೆ ಸಿಕ್ಕಿದ್ದು ಬ್ಯಾಂಕಿನಲ್ಲಲ್ಲ, ವಡಾಳದ ಬಸ್ಸಿನಲ್ಲಿ. 2019ರ ಜುಲೈಯಲ್ಲಿ ಮುಂಬಯಿಯ ನಗರ ಸಾರಿಗೆ ‘ಬೆಸ್ಟ್’ ಬಸ್ಸಿನ ಕನಿಷ್ಠ ದರ ಐದು ರೂಪಾಯಿಗೆ ಇಳಿದಾಗ ಕಂಡಕ್ಟರ ಚೀಲದಲ್ಲಿ ಐದರ ನಾಣ್ಯ ತುಂಬಿ ತುಳುಕುತ್ತಿತ್ತು. ಹತ್ತರ ನೋಟು ಕೊಟ್ಟೆ, ಬಸವಣ್ಣ ಕೈಗೆ ಬಂದ. ‘ಕಾಯ್ ಝಾಲಂ ಕಾಕಾ?’ (ಏನಾಯ್ತು ಕಾಕಾ?) ಎಂದು ಕಂಡಕ್ಟರ್ ಕೇಳುವಷ್ಟು ಹೊತ್ತು ನೋಡುತ್ತ ನಿಂತಿದ್ದೆನಂತೆ, ಇಳಿಯುವ ಸ್ಟಾಪೂ ತಪ್ಪಿತು.

ಸಿಕ್ಕಿದ ನಾಣ್ಯವನ್ನು ತೊಳೆಯಬೇಡಿ, ತಿಕ್ಕಬೇಡಿ. ಇದು ನನ್ನ ಸ್ವಂತ ತಪ್ಪು. ಮೊದಮೊದಲು ಹತ್ತರ ನಾಣ್ಯದ ಹೊರಬಳೆ ಮಂಕಾಗಿದೆ ಎಂದು ದೀಪದ ಹಿತ್ತಾಳೆ ತೊಳೆಯುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿದೆ. ಬಳೆ ಒಂದು ಥರ ಗುಲಾಬಿ ಬಣ್ಣಕ್ಕೆ ತಿರುಗಿತು, ನಡುವಿನ ಬಿಳಿಯಲ್ಲಿ ಗೀರು ಮೂಡಿತು. ಆ ನಾಣ್ಯ ಈಗಲೂ ನನ್ನ ಹತ್ತಿರ ಇದೆ, ಮಕ್ಕಳಿಗೆ ತೋರಿಸಲು. ಮೆತ್ತಗಿನ ಅಗ್ಗದ ಪಿವಿಸಿ ಆಲ್ಬಮ್ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಎರಡೇ ವರ್ಷದಲ್ಲಿ ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ. ರಟ್ಟಿನ ಚೌಕದಲ್ಲಿ ತೆಳು ಪಾರದರ್ಶಕ ಕಿಟಕಿ ಇರುವ ಹೋಲ್ಡರ್ ಸಿಗುತ್ತದೆ, ಅದು ಸಾಕು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣವನ್ನು ಬಿಸಾಡದೆ ಜೊತೆಗಿಡಿ.

ಉಳಿದ ನಾಣ್ಯವನ್ನು ಏನು ಮಾಡುವುದು? ಅಂಗಡಿಯವರಿಗೆ ಒಂದೇ ಸಲಕ್ಕೆ ಸಾವಿರ ರೂಪಾಯಿಗಿಂತ ಹೆಚ್ಚು ನಾಣ್ಯ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡಿಲ್ಲ, 2011ರ ನಾಣ್ಯ ಕಾಯಿದೆ ಹಾಗೆ ಹೇಳುತ್ತದೆ. ಬ್ಯಾಂಕಿನಲ್ಲಿ ಕಟ್ಟಲು ಮಿತಿಯಿಲ್ಲ. ಆದರೂ ಸೋಮವಾರ ತೆಗೆದುಕೊಂಡ ತೊಟ್ಟೆಯನ್ನು ಬುಧವಾರ ಅದೇ ಕೌಂಟರಿಗೆ ಒಯ್ದರೆ ಮುಂದಿನ ಸಲ ‘ಹಳೆಯದಿಲ್ಲ’ ಎಂಬ ಉತ್ತರ ಸಿಗುತ್ತದೆ, ನಾನೂ ಹಾಗೆಯೇ ಹೇಳುತ್ತಿದ್ದೆ. ಹತ್ತಿರದ ಉಡುಪಿ ಹೋಟೆಲಿನವರಿಗೆ ಕೊಡಿ. ಬೆಳಗ್ಗಿನ ಹೊತ್ತು ಚಿಲ್ಲರೆಗೆ ಒದ್ದಾಡುವವರು ಅವರು, ನೋಟು ಕೊಟ್ಟು ತೆಗೆದುಕೊಳ್ಳುತ್ತಾರೆ. ಸಾಧ್ಯವಾದರೆ ಬದಲಿಗೆ ಅವರ ಗಲ್ಲಾದ ನಾಣ್ಯಗಳನ್ನೇ ಕೇಳಿ ಪಡೆಯಿರಿ, ಹೊಸ ತೊಟ್ಟೆ ಸಿಕ್ಕಂತೆಯೇ.

ಒಂದು ಭಾನುವಾರ ಬಿಡುವಾದರೆ ಮಗಳನ್ನು ಫೋರ್ಟ್‌ಗೆ ಕರೆದುಕೊಂಡು ಬನ್ನಿ ಎನ್ನುತ್ತಿದ್ದೆ, ಆದರೆ ಸರ್ ಪಿ.ಎಂ. ರಸ್ತೆಯ ಅಮರ್ ಬಿಲ್ಡಿಂಗ್‌ನಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯಕ್ಕೆ ಹೋಗುವ ದಿನ, ತೆರೆದಿರುವ ವೇಳೆ ಎರಡನ್ನೂ ಮೊದಲು ವಿಚಾರಿಸಿಕೊಂಡೇ ಹೊರಡಿ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡು ಬಂದು ಬಾಗಿಲು ಮುಚ್ಚಿದ್ದರೆ, ತಾಳ್ಮೆಯ ವಿಷಯ ನೀವೇ ಹೇಳಿದ್ದೀರಲ್ಲ.